ಚಿತ್ರ ಒಂದೇ, ಮಾತು ಎರಡು: ಬ್ರಿಟನ್ನಿನ ಎಫ್‌1 ಪ್ರಸಾರಗಳನ್ನು ತೂಗುವ ಬಗೆ

ಬ್ರಿಟನ್ನಿನ ಫಾರ್ಮುಲಾ ಒನ್ (ಎಫ್‌1) ಕಾರ್ ರೇಸ್ ಅಭಿಮಾನಿಗಳಲ್ಲಿ 2012ರಿಂದ ಮುಗಿಯದ ಜಗಳವೊಂದಿದೆ. ಬಿಬಿಸಿ ಚೆನ್ನಾಗಿ ತೋರಿಸುತ್ತಿತ್ತೋ, ಚಂದಾ ಕೊಟ್ಟು ನೋಡುವ ಸ್ಕೈ ಚೆನ್ನಾಗಿ ತೋರಿಸುತ್ತದೋ? 2016ರಲ್ಲಿ ಬಿಬಿಸಿಯ ಜಾಗಕ್ಕೆ ಚಾನೆಲ್ 4 ಬಂತು, ಜಗಳ ಮಾತ್ರ ಇದ್ದಲ್ಲೇ ಇದೆ. ಈ ವಾದದಲ್ಲಿ ಕೇಳಿಬರುವ ದೂರುಗಳಲ್ಲಿ ಬಹಳಷ್ಟು ತಪ್ಪು ವಿಳಾಸಕ್ಕೆ ಹೋದವು. 'ಆ ಓವರ್‌ಟೇಕ್ ತೋರಿಸಲೇ ಇಲ್ಲ', 'ಹೋರಾಟ ನಡೆಯುವಾಗ ರೀಪ್ಲೇ ಹಾಕಿಕೊಂಡು ಕೂತರು' ಎಂದು ಚಾನೆಲ್ಲನ್ನು ಬೈಯುವವರಿಗೆ ಒಂದು ಸಂಗತಿ ಗೊತ್ತಿರುವುದಿಲ್ಲ. ರೇಸ್ ಓಡುತ್ತಿರುವಾಗ ಪರದೆಯ ಮೇಲೆ ಯಾವ ಕಾರು ಬರಬೇಕು ಎಂದು ತೀರ್ಮಾನಿಸುವುದು ಆ ಚಾನೆಲ್‌ಗಳ ಕೈಯಲ್ಲಿಲ್ಲ.

ಆ ಚಿತ್ರ ಬರುವುದು ವರ್ಲ್ಡ್ ಫೀಡ್‌ನಿಂದ. ಎಲ್ಲ ದೇಶಗಳ ಎಲ್ಲ ಚಾನೆಲ್‌ಗಳಿಗೂ ಹೋಗುವ ಒಂದೇ ಪ್ರಸಾರ ಅದು. ಹಿಂದೆ ಆಯಾ ದೇಶದ ಆತಿಥೇಯ ವಾಹಿನಿ ಅದನ್ನು ತಯಾರಿಸುತ್ತಿತ್ತು. ತನ್ನ ದೇಶದ ಚಾಲಕನ ಮೇಲೇ ಕ್ಯಾಮೆರಾ ನೆಟ್ಟು ಕೂರುವ ಚಾಳಿ ಆಗ ಸಾಮಾನ್ಯ. ಬರಬರುತ್ತಾ ಎಫ್‌1 ನಡೆಸುವ ಕಂಪನಿಯಾದ ಫಾರ್ಮುಲಾ ಒನ್ ಮ್ಯಾನೇಜ್‌ಮೆಂಟ್ ಒಂದೊಂದೇ ರೇಸನ್ನು ತನ್ನ ತಂಡದ ಕೈಗೆ ತೆಗೆದುಕೊಂಡಿತು. ಎಲ್ಲಕ್ಕಿಂತ ತಡವಾಗಿ ಮಣಿದದ್ದು ಮೊನಾಕೊ, 2023ರಲ್ಲಿ. ಅದಕ್ಕೂ ಎರಡು ವರ್ಷ ಮೊದಲು, 2021ರ ಮೊನಾಕೊ ರೇಸ್‌ನಲ್ಲಿ ಪಿಟ್‌ನಿಂದ (ಟೈರ್ ಬದಲಿಸುವ ಜಾಗದಿಂದ) ಹೊರಬಂದ ವೆಟ್ಟೆಲ್ ಗ್ಯಾಸ್ಲಿಯ ಪಕ್ಕಕ್ಕೆ ಪಕ್ಕ ಗುಡ್ಡ ಏರುತ್ತಿದ್ದಾಗ ಅಲ್ಲಿನ ನಿರ್ದೇಶಕರು ಅದನ್ನು ಬಿಟ್ಟು ಸ್ಟ್ರೋಲ್ ಟ್ರ್ಯಾಕ್ ಅಂಚಿನ ಕರ್ಬ್ ಹತ್ತಿ ಹೋದದ್ದರ ರೀಪ್ಲೇಗೆ ಹಾರಿದರು. ಬ್ರಿಟನ್ನಿನಲ್ಲಿ ಬೈಗುಳ ಬಿದ್ದದ್ದು ಸ್ಕೈ ಮೇಲೂ! ಸ್ಕೈ ಆ ರೀಪ್ಲೇಯನ್ನು ನಮ್ಮ ಹಾಗೆಯೇ ನೋಡುತ್ತಾ ಕೂತಿತ್ತು ಅಷ್ಟೆ.

ಹಾಗಾದರೆ ಚಾನೆಲ್‌ಗೆ ಸೇರಿದ್ದು ಏನು? ಕಾಮೆಂಟರಿ, ಪಿಟ್ ವರದಿ, ರೇಸ್‌ಗೆ ಮೊದಲಿನ ಮತ್ತು ನಂತರದ ಕಾರ್ಯಕ್ರಮ, ಜಾಹೀರಾತು ಎಲ್ಲಿ ಬೀಳುತ್ತದೆ ಎಂಬುದು, ಹೈಲೈಟ್ಸ್‌ನ ಕತ್ತರಿ, ಮತ್ತು ಮನೆಗೆ ಬಂದು ತಲುಪುವ ಸಿಗ್ನಲ್‌ನ ಗುಣಮಟ್ಟ. ಹೋಲಿಸುವುದಾದರೆ ಇವನ್ನೇ ಹೋಲಿಸಬೇಕು.

ಜಾಹೀರಾತಿನ ವಿಷಯ ಮೊದಲು ಮುಗಿಸಿಬಿಡೋಣ, ಅದರಲ್ಲಿ ವಾದಕ್ಕೆ ಹೆಚ್ಚು ಎಡೆಯಿಲ್ಲ. 1997ರಿಂದ 2008ರವರೆಗೆ ಐಟಿವಿ ಪ್ರಸಾರ ಮಾಡಿದಾಗ ರೇಸ್ ನಡುವೆಯೇ ಜಾಹೀರಾತು ಬರುತ್ತಿತ್ತು. 2005ರ ಇಮೋಲಾದಲ್ಲಿ ಅಲೊನ್ಸೊನ ಬಾಲಕ್ಕೆ ಶುಮಾಕರ್ ಅಂಟಿಕೊಂಡು ಬರುತ್ತಿದ್ದ ಕೊನೆಯ ಹಂತದಲ್ಲೇ ಐಟಿವಿ ಜಾಹೀರಾತಿಗೆ ಹೋಯಿತು. ಆ ರೇಸ್ ಮುಗಿದದ್ದು 0.215 ಸೆಕೆಂಡ್ ಅಂತರದಲ್ಲಿ. ಚಾನೆಲ್ ಆಮೇಲೆ ಕ್ಷಮೆ ಕೇಳಬೇಕಾಯಿತು. ಎಫ್‌1ನಲ್ಲಿ ಹಾಫ್ ಟೈಮ್ ಇಲ್ಲ, ಓವರ್ ಮುಗಿಯುವುದಿಲ್ಲ. ಜಾಹೀರಾತಿಗೆ ಯಾವ ಮೂರು ನಿಮಿಷ ಆರಿಸಿದರೂ ಅದು ಜೂಜೇ. ಬಿಬಿಸಿಯಲ್ಲಿ ಜಾಹೀರಾತೇ ಇಲ್ಲ. ಸ್ಕೈ ಮೊದಲ ದಿನದಿಂದಲೂ ರೇಸ್ ಆರಂಭದ ದೀಪ ಆರಿದಾಗಿನಿಂದ ಚೆಕರ್ಡ್ ಬಾವುಟದವರೆಗೆ ಬಿಡುವು ಹಾಕಲಿಲ್ಲ. ಚಾನೆಲ್ 4 ಕೂಡ ತನ್ನ ನೇರ ರೇಸ್‌ಗಳನ್ನು ಹಾಗೆಯೇ ತೋರಿಸಿತು. ಐಟಿವಿ ಕಾಲ ನೋಡಿದವರಿಗೆ ಇದರ ಬೆಲೆ ಗೊತ್ತು.

ದುಡ್ಡಿನ ಲೆಕ್ಕವನ್ನೂ ಹೇಳದೆ ಹೋದರೆ ಹೋಲಿಕೆ ನ್ಯಾಯವಾಗುವುದಿಲ್ಲ. 2009ರಿಂದ 2011ರವರೆಗೆ ಮೂರು ವರ್ಷ ಬಿಬಿಸಿಯಲ್ಲಿ ಎಲ್ಲ ರೇಸ್‌ಗಳೂ ನೇರ, ಟಿವಿ ಲೈಸೆನ್ಸ್ ಬಿಟ್ಟು ಬೇರೆ ಖರ್ಚಿಲ್ಲ. 2011ರ ಜುಲೈ 29ರಂದು, ಹಂಗೇರಿ ರೇಸ್‌ನ ವಾರಾಂತ್ಯದಲ್ಲಿ, ಹಕ್ಕು ಹಂಚಿಕೆಯ ಸುದ್ದಿ ಬಂತು. 2012ರ 20 ರೇಸ್‌ಗಳಲ್ಲಿ ಬಿಬಿಸಿಗೆ 10 ನೇರ, ಉಳಿದವು ಹೈಲೈಟ್ಸ್. ಸ್ಕೈಗೆ ಎಲ್ಲವೂ ನೇರ, ಅದಕ್ಕಾಗಿಯೇ ಒಂದು ಪ್ರತ್ಯೇಕ ಚಾನೆಲ್. ಒಂದು ಕಡೆ ವರ್ಷಕ್ಕೆ 145.50 ಪೌಂಡ್ ಲೈಸೆನ್ಸ್, ಇನ್ನೊಂದು ಕಡೆ ಅದರ ಮೇಲೆ ತಿಂಗಳ ಚಂದಾ. ಸ್ಕೈ ಮೇಲಿನ ಸಿಟ್ಟಿನಲ್ಲಿ ಕಾಮೆಂಟರಿಯ ಬಗೆಗಿನ ಸಿಟ್ಟೆಷ್ಟು, ಚಂದಾದ ಬಗೆಗಿನದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. 2019ರಿಂದ ಸ್ಕೈಗೇ ಪೂರ್ತಿ ನೇರ ಹಕ್ಕು. ಚಾನೆಲ್ 4ಗೆ ಹೈಲೈಟ್ಸ್ ಮತ್ತು ಬ್ರಿಟನ್ನಿನದೇ ಆದ ಸಿಲ್ವರ್‌ಸ್ಟೋನ್ ರೇಸ್‌ನ ನೇರ ಪ್ರಸಾರ.

ಇನ್ನು ಕಾಮೆಂಟರಿ. 2012ರಲ್ಲಿ ಮಾರ್ಟಿನ್ ಬ್ರಂಡಲ್ ಬಿಬಿಸಿ ಬಿಟ್ಟು ಸ್ಕೈಗೆ ಹೋದರು. ಬಿಬಿಸಿಯ ರೇಡಿಯೋ 5 ಲೈವ್‌ನಿಂದ ಡೇವಿಡ್ ಕ್ರಾಫ್ಟ್ ಬಂದು ಅವರ ಜೊತೆ ಕೂತರು, ಪಿಟ್ ಲೇನ್‌ಗೆ ಟೆಡ್ ಕ್ರಾವಿಟ್ಜ್. ಬಿಬಿಸಿಯಲ್ಲಿ ಬೆನ್ ಎಡ್ವರ್ಡ್ಸ್ ಮತ್ತು ಡೇವಿಡ್ ಕೂಲ್ಥಾರ್ಡ್. ಈ ಎರಡು ಜೋಡಿಗಳನ್ನು 'ಯಾರ ದನಿ ಇಷ್ಟ' ಎಂದು ಹೋಲಿಸಿದರೆ ಎಲ್ಲಿಗೂ ಮುಟ್ಟುವುದಿಲ್ಲ. ಇಬ್ಬರೂ ನೇರ ತೋರಿಸಿದ ಒಂದೇ ರೇಸನ್ನು ಎರಡೂ ಕಡೆ ರೆಕಾರ್ಡ್ ಮಾಡಿಕೊಂಡು ಕೂರಬೇಕು. ಮೊದಲ ಐದು ಲ್ಯಾಪ್ (ಸುತ್ತು), ಕೊನೆಯ ಐದು ಲ್ಯಾಪ್ ಬಿಟ್ಟುಬಿಡಿ. ಅಲ್ಲಿ ರೇಸೇ ಕಾಮೆಂಟೇಟರನ್ನು ಹೊತ್ತುಕೊಂಡು ಹೋಗುತ್ತದೆ, ಯಾರು ಕೂಗಿದರೂ ಚೆನ್ನಾಗಿಯೇ ಕೇಳಿಸುತ್ತದೆ. ಮೊದಲ ಪಿಟ್ ಸ್ಟಾಪ್ ಶುರುವಾಗುವ ಸುಮಾರು ಐದು ಲ್ಯಾಪ್ ಮೊದಲಿನಿಂದ ಹಿಡಿದು ಎಲ್ಲರೂ ಒಳಗೆ ಬಂದು ಹೋಗುವವರೆಗಿನ ಭಾಗ ತೆಗೆದುಕೊಳ್ಳಿ. ಒಮ್ಮೆ ಒಂದು ಚಾನೆಲ್‌ನಲ್ಲಿ, ಆಮೇಲೆ ಇನ್ನೊಂದರಲ್ಲಿ, ಕೈಯಲ್ಲಿ ಪೆನ್ನು ಹಿಡಿದು ಕೇಳಿ. ಯಾರ ಕೆಲಸ ಗಟ್ಟಿ ಎಂದು ತಿಳಿಯುವುದು ಅಲ್ಲೇ.

ಕೇಳಬೇಕಾದ್ದು ಮುಖ್ಯವಾಗಿ ಅಂಡರ್‌ಕಟ್, ಅಂದರೆ ಮುಂದಿನವನಿಗಿಂತ ಮೊದಲೇ ಟೈರ್ ಬದಲಿಸಿ ಅವನನ್ನು ದಾಟುವ ತಂತ್ರ. ಹಿಂದಿನ ಕಾರು 1.5 ಸೆಕೆಂಡ್ ದೂರದಲ್ಲಿದೆ ಎನ್ನಿ, ಹೊಸ ಟೈರ್ ಹಾಕಿದರೆ ಲ್ಯಾಪ್‌ಗೆ ಎರಡು ಸೆಕೆಂಡ್ ಲಾಭ ಎನ್ನಿ. ಅವನು ಒಂದು ಲ್ಯಾಪ್ ಮೊದಲೇ ಪಿಟ್‌ಗೆ ಹೋದರೆ, ಮುಂದಿನವನು ಮರು ಲ್ಯಾಪ್‌ನಲ್ಲಿ ಪಿಟ್ ಮುಗಿಸಿ ಬರುವಷ್ಟರಲ್ಲಿ ಅರ್ಧ ಸೆಕೆಂಡ್ ಹಿಂದೆ ಬಿದ್ದಿರುತ್ತಾನೆ. ಆದರೆ ಪಿಟ್ ಲೇನ್ ದಾಟಲು ಸುಮಾರು 20ರಿಂದ 25 ಸೆಕೆಂಡ್ ಹೋಗುತ್ತದೆ. ಅಷ್ಟು ಹಿಂದಕ್ಕೆ ಹೋದಾಗ ಎದುರಿಗೆ ನಿಧಾನದ ಕಾರು ಸಿಕ್ಕರೆ ಇಡೀ ಲೆಕ್ಕ ಕೆಡುತ್ತದೆ. ಒಳ್ಳೆಯ ಕಾಮೆಂಟೇಟರ್ ಕಾರು ಪಿಟ್‌ಗೆ ತಿರುಗುವ ಮೊದಲೇ 'ಇವನು ಈಗ ಬಂದರೆ ಇಂಥವನ ಹಿಂದೆ ಬೀಳುತ್ತಾನೆ' ಎಂದು ಹೇಳಿರಬೇಕು. ಸ್ಥಾನ ಬದಲಾದ ಮೇಲೆ 'ಅಂಡರ್‌ಕಟ್ ಫಲಿಸಿತು' ಎನ್ನುವುದಕ್ಕೆ ಟೈಮಿಂಗ್ ಪರದೆ ಸಾಕು, ಕಾಮೆಂಟೇಟರ್ ಬೇಡ. 2012ರಲ್ಲಿ ಪಿರೆಲ್ಲಿ ಟೈರ್‌ಗಳು ಎಷ್ಟು ಬೇಗ ಸೋಲುತ್ತಿದ್ದವೆಂದರೆ ಅವುಗಳ ಮರ್ಮ ಹಿಡಿಯಲು ತಂಡಗಳೇ ತಿಣುಕಾಡುತ್ತಿದ್ದವು, ಮೊದಲ ಏಳು ರೇಸ್‌ಗಳಲ್ಲಿ ಏಳು ಬೇರೆ ಬೇರೆ ಗೆಲುವಿಗರು. ಟೈರ್ ವಿವರಿಸಲು ಬಾರದವರು ಆ ವರ್ಷ ಏನನ್ನೂ ವಿವರಿಸಲಿಲ್ಲ ಎಂದೇ ಅರ್ಥ.

ಇನ್ನೊಂದು ಗಮನಿಸಬೇಕಾದ್ದು ಟೀಮ್ ರೇಡಿಯೋ (ಚಾಲಕ ಮತ್ತು ತಂಡದ ನಡುವಿನ ಮಾತು) ಬಂದಾಗ ಬಾಯಿ ಮುಚ್ಚುತ್ತಾರೋ ಇಲ್ಲವೋ ಎಂಬುದು. ರೇಡಿಯೋ ತುಣುಕು ಯಾವಾಗ ಬರುತ್ತದೆ ಎಂಬುದೂ ವರ್ಲ್ಡ್ ಫೀಡ್‌ನ ಕೈಯಲ್ಲಿದೆ. ಪರದೆಯ ಮೇಲೆ ಗುರುತು ಮೂಡಿದ ತಕ್ಷಣ ಮಾತು ನಿಲ್ಲಬೇಕು. ನಿಲ್ಲದಿದ್ದರೆ ಎರಡು ದನಿ ಕಲೆತು ಎರಡೂ ಅರ್ಥವಾಗುವುದಿಲ್ಲ, ಆಮೇಲೆ 'ಏನು ಹೇಳಿದ?' ಎಂಬ ಚರ್ಚೆಗೆ ಇನ್ನರ್ಧ ನಿಮಿಷ. ಕಾರು ಗುರುತಿಸುವ ತಪ್ಪುಗಳನ್ನು ಮಾತ್ರ ನಾನು ಹೆಚ್ಚು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದೇ ತಂಡದ ಎರಡು ಕಾರುಗಳಲ್ಲಿ ಎರಡನೆಯದರ ಮೇಲಿನ ಕ್ಯಾಮೆರಾ ಕವಚ ಹಳದಿ. ಮಳೆಯ ತುಂತುರಿನಲ್ಲಿ, ದೂರದ ಶಾಟ್‌ನಲ್ಲಿ ಆ ಹಳದಿ ಯಾರಿಗೂ ಕಾಣುವುದಿಲ್ಲ. ತಪ್ಪಾಗಿ ಹೇಳಿ ಎರಡು ಮೂಲೆ ದಾಟುವಷ್ಟರಲ್ಲಿ ತಿದ್ದಿಕೊಂಡರೆ ಸಾಕು.

ಪರೀಕ್ಷೆಗೆ ನಾನು ಸೂಚಿಸುವ ರೇಸ್ 2012ರ ನವೆಂಬರ್ 25ರ ಬ್ರೆಜಿಲ್‌ನ ಇಂಟರ್‌ಲಾಗೋಸ್. ಎರಡೂ ಚಾನೆಲ್‌ಗಳಲ್ಲಿ ನೇರ ಬಂದದ್ದು. ಮೊದಲ ಲ್ಯಾಪ್‌ನಲ್ಲೇ ಬ್ರೂನೊ ಸೆನ್ನಾ ತಾಗಿ ವೆಟ್ಟೆಲ್ ಕಾರು ಹಿಂದುಮುಂದಾಗಿ ನಿಂತಿತು, ಎಡಬದಿಗೆ ಏಟು ಬಿತ್ತು. ಮಳೆ ಬಂದು ಹೋಗಿ ಮಾಡುತ್ತಿತ್ತು. ಬಟನ್ ಮತ್ತು ಹಲ್ಕೆನ್‌ಬರ್ಗ್ ಒಣ ಟ್ರ್ಯಾಕ್‌ನ ಸ್ಲಿಕ್ ಟೈರ್‌ನಲ್ಲೇ ಉಳಿದು ದೂರ ಓಡಿಹೋದರು, ಎಲ್ಲರನ್ನೂ ನಿಧಾನಗೊಳಿಸಿ ಒಟ್ಟುಗೂಡಿಸುವ ಸೇಫ್ಟಿ ಕಾರ್ ಬಂದು ಆ ಲಾಭವೆಲ್ಲ ನೀರಲ್ಲಿ ಹೋಯಿತು. ವೆಟ್ಟೆಲ್ ಆರನೆಯವನಾಗಿ ಮುಗಿಸಿ ಅಲೊನ್ಸೊಗಿಂತ ಮೂರು ಅಂಕ ಹೆಚ್ಚಿಗೆ, 281ಕ್ಕೆ 278ರಲ್ಲಿ, ಪಟ್ಟ ಗೆದ್ದ. ಕಾಮೆಂಟೇಟರ್ ಒಂದೇ ಹೊತ್ತಿಗೆ ಮೂರು ಲೆಕ್ಕ ಇಟ್ಟುಕೊಳ್ಳಬೇಕಾದ ರೇಸ್ ಇದು: ಟ್ರ್ಯಾಕ್ ಮೇಲಿನ ಸ್ಥಾನ, ಅಂಕಪಟ್ಟಿ, ಟೈರ್. ಈ ಮೂರರಲ್ಲಿ ಯಾವುದನ್ನು ಯಾರು ಎಷ್ಟು ಹೊತ್ತು ಕೈಬಿಟ್ಟರು ಎಂದು ಬರೆದುಕೊಂಡು ಹೋದರೆ ಸಾಕು, ಬೇರೆ ಅಂಕ ಕೊಡುವ ಅಗತ್ಯ ಬೀಳುವುದಿಲ್ಲ.

ನನ್ನ ತೀರ್ಪು ಕೇಳಿದರೆ, ರೇಸ್ ನಡುವಿನ ವಿವರಣೆಯಲ್ಲಿ ಸ್ಕೈ ಮುಂದು. ಅದಕ್ಕೆ ಕಾರಣ ಬ್ರಂಡಲ್ ಎಷ್ಟೋ ಕ್ರಾವಿಟ್ಜ್ ಅಷ್ಟೇ. ಪಿಟ್ ಲೇನ್‌ನಲ್ಲಿ ನಿಂತವನು ಯಾವ ಟೈರ್‌ನ ಹೊದಿಕೆ ತೆಗೆದರು, ಯಾವ ಮೆಕ್ಯಾನಿಕ್‌ಗಳು ಎದ್ದು ನಿಂತರು ಎಂದು ನೋಡಿ ಹೇಳುವುದು ಯಾವ ಕ್ಯಾಮೆರಾದಲ್ಲೂ ಬರುವುದಿಲ್ಲ. ರೇಸ್ ಮೊದಲಿನ ಕಾರ್ಯಕ್ರಮದಲ್ಲಿ ಮಾತ್ರ ಬಿಬಿಸಿಯದೇ ಮೇಲುಗೈ. ಜೇಕ್ ಹಂಫ್ರಿ, ಕೂಲ್ಥಾರ್ಡ್, ಹಿಂದೆ ಜೋರ್ಡನ್ ತಂಡದ ಒಡೆಯರಾಗಿದ್ದ ಎಡ್ಡಿ ಜೋರ್ಡನ್ ಮೂವರೂ ತಂಡಗಳ ಬೀಡಾದ ಪ್ಯಾಡಕ್‌ನಲ್ಲಿ ನಡೆಯುತ್ತಾ ಮಾತಾಡುವಾಗ ಹೊಸಬರಿಗೂ ಅರ್ಥವಾಗುತ್ತಿತ್ತು, ಹಳಬರಿಗೂ ಬೇಸರವಾಗುತ್ತಿರಲಿಲ್ಲ. ತಾಂತ್ರಿಕ ವಿವರಕ್ಕೆ ಜೋರ್ಡನ್ ತಂಡದ ಕಾರುಗಳನ್ನು ವಿನ್ಯಾಸ ಮಾಡಿದ್ದ ಗ್ಯಾರಿ ಆಂಡರ್ಸನ್ ಇದ್ದರು. ಹ್ಯಾಮಿಲ್ಟನ್ ಮರ್ಸಿಡೀಸ್‌ಗೆ ಹೋಗುತ್ತಾನೆ ಎಂದು 2012ರ ಸೆಪ್ಟೆಂಬರ್ ಆರಂಭದಲ್ಲೇ ಎಡ್ಡಿ ಹೇಳಿದರು, ತಿಂಗಳ ಕೊನೆಗೆ ಅದು ಅಧಿಕೃತವಾಯಿತು. ಸ್ಕೈಗೆ ಇದ್ದ ಕಷ್ಟ ಬೇರೆ: ತುಂಬಿಸಲು ಹೊತ್ತು ವಿಪರೀತ. ಹೊತ್ತು ಹೆಚ್ಚಾದರೆ ಅದೇ ಊಹೆಯನ್ನು ನಾಲ್ಕು ಜನ ನಾಲ್ಕು ಸಲ ಹೇಳುತ್ತಾರೆ. ಆದರೆ ಆಂಟನಿ ಡೇವಿಡ್‌ಸನ್ ಟಚ್ ಸ್ಕ್ರೀನ್ ಮುಂದೆ ನಿಂತು ಇಬ್ಬರು ಚಾಲಕರ ಆನ್‌ಬೋರ್ಡ್ ಚಿತ್ರಗಳನ್ನು ಅಕ್ಕಪಕ್ಕ ಓಡಿಸಿ, ಯಾರು ಎಲ್ಲಿ ಬ್ರೇಕ್ ಬಿಟ್ಟರು ಎಂದು ತೋರಿಸುವ ಆ ಕೆಲವು ನಿಮಿಷಗಳಿಗೆ ಸಾಟಿ ಯಾವ ಕಡೆಯೂ ಇರಲಿಲ್ಲ.

ಹೈಲೈಟ್ಸ್‌ನ ಕತ್ತರಿಯ ಕೆಲಸ ಹೊರಗಿನವರು ತಿಳಿದಷ್ಟು ಸುಲಭವಲ್ಲ. ಒಂದೂವರೆ ಗಂಟೆಯ ರೇಸನ್ನು ಕುಗ್ಗಿಸುವಾಗ ಮೊದಲು ಹೋಗುವುದು 'ಏನೂ ನಡೆಯದ' ಲ್ಯಾಪ್‌ಗಳು. ಅಂತರ 4 ಸೆಕೆಂಡ್‌ನಿಂದ 1.5ಕ್ಕೆ ಇಳಿದದ್ದು ಆ ಲ್ಯಾಪ್‌ಗಳಲ್ಲೇ. ಅವನ್ನು ಕತ್ತರಿಸಿದರೆ ಮುಂದಿನ ಪಿಟ್ ಸ್ಟಾಪ್ ಆಕಾಶದಿಂದ ಬಿದ್ದಂತೆ ಕಾಣುತ್ತದೆ. ಲ್ಯಾಪ್ ಎಣಿಕೆ 22ರಿಂದ 31ಕ್ಕೆ ಹಾರಿದಾಗ ಒಂದೇ ಒಂದು ವಾಕ್ಯದ ಸೇತುವೆ ಇದ್ದರೆ ಸಾಕು: ಯಾರು ಪಿಟ್‌ಗೆ ಹೋಗಿಬಂದರು, ಅಂತರ ಈಗೆಷ್ಟು. ಕಾಮೆಂಟರಿ ರೇಸ್ ಹೊತ್ತಿನಲ್ಲೇ ಮಾಡಿದ್ದೋ, ಫಲಿತಾಂಶ ತಿಳಿದ ಮೇಲೆ ಸೇರಿಸಿದ್ದೋ ಎಂಬುದನ್ನೂ ಕಿವಿ ಹಿಡಿಯುತ್ತದೆ. ಮುಂದೆ ಕೆಡಲಿರುವ ಕಾರಿನ ಬಗ್ಗೆ ಕಾಮೆಂಟೇಟರ್ ಇದ್ದಕ್ಕಿದ್ದಂತೆ ಕಾಳಜಿ ತೋರಿಸತೊಡಗಿದರೆ ಮುಗಿಯಿತು, ಗುಟ್ಟು ಬಯಲು.

ಸಿಗ್ನಲ್ ಬಗ್ಗೆ ಚಿಕ್ಕದಾಗಿ. ವರ್ಲ್ಡ್ ಫೀಡ್ ಎಚ್‌ಡಿಗೆ ಬಂದದ್ದು 2011ರಲ್ಲಿ. ಬ್ರಿಟನ್ನಿನ ಎಚ್‌ಡಿ ಪ್ರಸಾರ 1080ಐ, ಅಂದರೆ ಒಂದು ಸಲಕ್ಕೆ ಚಿತ್ರದ ಅರ್ಧ ಗೆರೆಗಳು, ಸೆಕೆಂಡಿಗೆ 50 ಸಲ. ಕಾರಿನ ಜೊತೆ ಕ್ಯಾಮೆರಾ ವೇಗವಾಗಿ ತಿರುಗಿದಾಗ ಬೇಲಿ, ಜನ, ಬರಹಗಳ ಅಂಚು ಬಾಚಣಿಗೆಯಂತೆ ಒಡೆದು ಕಂಡರೆ ದೋಷ ಹೆಚ್ಚಾಗಿ ಟಿವಿಯ ಡಿ-ಇಂಟರ್‌ಲೇಸಿಂಗ್‌ನದು, ಅಂದರೆ ಆ ಅರ್ಧ ಗೆರೆಗಳನ್ನು ಜೋಡಿಸುವ ಕೆಲಸದ್ದು. ಇಡೀ ಚಿತ್ರವೇ ಚೌಕ ಚೌಕವಾಗಿ ಕದಡಿದರೆ ಬಿಟ್ ರೇಟ್ (ಸೆಕೆಂಡಿಗೆ ಕಳಿಸುವ ಡೇಟಾ) ಸಾಲದಾಗಿದೆ, ಅದು ಚಾನೆಲ್‌ನ ಹೊಣೆ. ಮಳೆ ರೇಸ್‌ನ ತುಂತುರು ಇದಕ್ಕೆ ಅತಿ ಕಠಿಣ ಪರೀಕ್ಷೆ. ಸ್ಕೈ 2017ರಿಂದ ಅಲ್ಟ್ರಾ ಎಚ್‌ಡಿಯಲ್ಲೂ ಕೊಡುತ್ತಿದೆ.

ಇಷ್ಟಾದರೂ ಎರಡೂ ಜೋಡಿಗಳು ಒಗ್ಗದವರು ಟಿವಿ ದನಿ ಮುಚ್ಚಿ ರೇಡಿಯೋ 5 ಲೈವ್ ಹಾಕಿಕೊಳ್ಳುವುದುಂಟು. ಇಲ್ಲಿ ಎಡವುವುದು ಸಮಯದಲ್ಲಿ. ಮೀಡಿಯಂ ವೇವ್ ರೇಡಿಯೋ ಉಪಗ್ರಹ ಟಿವಿಗಿಂತ ಕೆಲವು ಸೆಕೆಂಡ್ ಮುಂದಿರುತ್ತದೆ, ಅದನ್ನು ತಡೆದು ನಿಲ್ಲಿಸಲು ಬರುವುದಿಲ್ಲ. ಇಂಟರ್ನೆಟ್ ರೇಡಿಯೋ ಟಿವಿಗಿಂತ ಹಿಂದಿರುತ್ತದೆ, ಹಾಗಾಗಿ ಅದೇ ಅನುಕೂಲ. ಮುಂದಿರುವ ಟಿವಿಯನ್ನು ಬಾಕ್ಸ್‌ನಲ್ಲಿ ಪಾಸ್ ಮಾಡಿ ನಿಲ್ಲಿಸಿಡಬಹುದು. ರೇಸ್ ಶುರುವಾಗುವವರೆಗೆ ಕಾಯಬೇಡಿ. ರೇಸ್‌ಗೆ ಮುಂಚಿನ ಸುತ್ತಾದ ಫಾರ್ಮೇಶನ್ ಲ್ಯಾಪ್‌ಗೆ ಮೊದಲ ಕಾರು ಹೊರಟ ಕ್ಷಣದಲ್ಲಿ ಟಿವಿ ಪಾಸ್ ಮಾಡಿ, ರೇಡಿಯೋದಲ್ಲಿ 'ಹೊರಟರು' ಎಂದ ತಕ್ಷಣ ಪ್ಲೇ ಒತ್ತಿ. ರೇಡಿಯೋದವರೂ ಆ ಮಾತು ಹೇಳಲು ಒಂದು ಸೆಕೆಂಡ್ ತೆಗೆದುಕೊಳ್ಳುತ್ತಾರೆ, ಆದ್ದರಿಂದ ದೀಪ ಆರಿದಾಗ ಇನ್ನೊಮ್ಮೆ ಕಿವಿಗೊಟ್ಟು ಸರಿಪಡಿಸಿ. ಇಂಟರ್ನೆಟ್ ತಡವರಿಸಿದರೆ ರೇಡಿಯೋ ಇನ್ನಷ್ಟು ಹಿಂದೆ ಸರಿಯುತ್ತದೆ, ಮುಂದಿನ ಪಿಟ್ ಸ್ಟಾಪ್‌ನಲ್ಲಿ ಮತ್ತೆ ಹೊಂದಿಸಿಕೊಳ್ಳಬೇಕು. ಮುಖ್ಯ ವಾಹಿನಿ ಫುಟ್‌ಬಾಲ್‌ಗೆ ಹೋದರೆ ರೇಸ್ 5 ಲೈವ್ ಸ್ಪೋರ್ಟ್ಸ್ ಎಕ್ಸ್‌ಟ್ರಾಗೆ ಜಾರಿರುತ್ತದೆ. ಅದು ಡಿಜಿಟಲ್‌ನಲ್ಲಿ ಮಾತ್ರ, ಮೀಡಿಯಂ ವೇವ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ.