ಟ್ರಾಪಿಕ್ ಥಂಡರ್: ಯಾರ ಅಣಕ, ಎಷ್ಟು ಗೆಲುವು?

ಬೆನ್ ಸ್ಟಿಲ್ಲರ್ ನಿರ್ದೇಶಿಸಿ ನಟಿಸಿರುವ 2008ರ ‘ಟ್ರಾಪಿಕ್ ಥಂಡರ್’ ಸುಳ್ಳು ಜಾಹೀರಾತಿನಿಂದಲೇ ಆರಂಭವಾಗುತ್ತದೆ. ಮೊದಲು ರ್‍ಯಾಪ್ ಗಾಯಕನೊಬ್ಬ ಮಾರುವ ಪಾನೀಯ, ಅದರ ಬೆನ್ನಿಗೆ ಎಲ್ಲಿಯೂ ಇಲ್ಲದ ಮೂರು ಚಿತ್ರಗಳ ಟ್ರೇಲರ್‌ಗಳು: ಆರನೆಯ ಬಾರಿ ಜಗತ್ತನ್ನು ಕಾಪಾಡಲು ಹೊರಟ ಸಾಹಸವೀರ, ದಢೂತಿ ಕುಟುಂಬವೊಂದರ ಪಾತ್ರಗಳನ್ನೆಲ್ಲ ತಾನೇ ಮಾಡಿ ಹೂಸಿನಿಂದಲೇ ನಗಿಸುವ ಹಾಸ್ಯನಟ, ಮಠವೊಂದರಲ್ಲಿ ಮತ್ತೊಬ್ಬ ಸನ್ಯಾಸಿಯ ಮೋಹಕ್ಕೆ ಸಿಕ್ಕ ಸನ್ಯಾಸಿ. ಟ್ರೇಲರ್‌ಗಳ ಮುಂದೆ ನಿಜವಾದ ಸ್ಟುಡಿಯೋಗಳ ಲಾಂಛನಗಳೇ ಬರುವುದರಿಂದ ವಿಷಯ ತಿಳಿಯದೆ ಬಂದ ಪ್ರೇಕ್ಷಕ ಒಂದು ಕ್ಷಣ ಗೊಂದಲಕ್ಕೆ ಬೀಳುವುದು ಸಹಜ. ಇಷ್ಟು ಮುಗಿಯುವಷ್ಟರಲ್ಲಿ ಟಗ್ ಸ್ಪೀಡ್‌ಮನ್, ಜೆಫ್ ಪೋರ್ಟ್‌ನೋಯ್, ಕರ್ಕ್ ಲಜಾರಸ್ ಮತ್ತು ಆಲ್ಪಾ ಚೀನೋ ಎಂಬ ನಾಲ್ವರು ತಾರೆಯರ ಜಾತಕ ನಮ್ಮ ಕೈಗೆ ಬಂದಿರುತ್ತದೆ. ಚಿತ್ರದ ಅತ್ಯಂತ ಚುರುಕಾದ ಭಾಗ ಇದೇ ಎಂಬುದು ನನ್ನ ಅಭಿಪ್ರಾಯ. ಈ ನಾಲ್ವರು ವಿಯೆಟ್ನಾಂ ಯುದ್ಧದ ಚಿತ್ರವೊಂದರಲ್ಲಿ ನಟಿಸಲು ಆಗ್ನೇಯ ಏಷ್ಯಾದ ಕಾಡಿಗೆ ಹೋಗಿ ನಿಜವಾದ ಮಾದಕದ್ರವ್ಯ ತಂಡದ ಎದುರು ಸಿಕ್ಕಿಬೀಳುವ ಮುಂದಿನ ಕಥೆಯೆಲ್ಲ ಈ ಎತ್ತರವನ್ನು ಕಾಯ್ದುಕೊಳ್ಳಲು ಹೆಣಗುತ್ತದೆ, ಕೆಲವೊಮ್ಮೆ ಗೆಲ್ಲುತ್ತದೆ.

ಹಾಲಿವುಡ್‌ನ ಯುದ್ಧ ಚಿತ್ರಗಳನ್ನು ಅಣಕಿಸುವ ಹಾಸ್ಯ ಎಂದು ಇದನ್ನು ಕರೆಯುವುದು ವಾಡಿಕೆಯಾದರೂ, ಅದರ ನಿಜವಾದ ಗುರಿ ಯುದ್ಧದಲ್ಲಿ ನಟಿಸಿ ಬಂದು ಯುದ್ಧವನ್ನೇ ಮಾಡಿ ಬಂದವರಂತೆ ಮಾತನಾಡುವ ನಟರು. ಸ್ಟಿಲ್ಲರ್ ಅವರಿಗೆ ಈ ಕಥೆ ಹೊಳೆದದ್ದು 1987ರಲ್ಲಿ, ಸ್ಪೀಲ್‌ಬರ್ಗ್ ಅವರ ‘ಎಂಪೈರ್ ಆಫ್ ದಿ ಸನ್’ ಚಿತ್ರದ ಸಣ್ಣ ಪಾತ್ರವೊಂದರಲ್ಲಿ ನಟಿಸುತ್ತಿದ್ದಾಗ. ಅದು ವಿಯೆಟ್ನಾಂ ಚಿತ್ರಗಳ ಸುಗ್ಗಿಯ ಕಾಲ. ಚಿತ್ರೀಕರಣಕ್ಕೆ ಮೊದಲು ನಟರನ್ನು ಸೈನಿಕ ತರಬೇತಿ ಶಿಬಿರಕ್ಕೆ ಕಳುಹಿಸುವುದು ರೂಢಿಯಾಗಿತ್ತು, ಅಲ್ಲಿಂದ ಮರಳಿದವರು ತಮ್ಮ ಬದುಕೇ ಬದಲಾಯಿತೆಂದು ಗಂಭೀರವಾಗಿ ಹೇಳಿಕೊಳ್ಳುತ್ತಿದ್ದರು. ‘ಟ್ರಾಪಿಕ್ ಥಂಡರ್’ನಲ್ಲಿ ಆ ಶಿಬಿರಕ್ಕೆ ಹೋಗಿ ಬಂದವನು, ಚಿತ್ರಕಥೆಯನ್ನು ಓದಿದವನು, ನಕ್ಷೆ ನೋಡಿ ದಾರಿ ಹೇಳಬಲ್ಲವನು ತಂಡದ ಹೊಸಬ ಕೆವಿನ್ ಸ್ಯಾಂಡಸ್ಕಿ ಒಬ್ಬನೇ, ಮತ್ತು ಅವನ ಹೆಸರು ಯಾರಿಗೂ ನೆನಪಿರುವುದಿಲ್ಲ.

ಅಣಕ ನಿಲ್ಲಬೇಕಾದರೆ ಮೂಲದಷ್ಟೇ ಕಸುಬು ಬೇಕು ಎಂಬುದನ್ನು ಸ್ಟಿಲ್ಲರ್ ಚೆನ್ನಾಗಿ ಅರಿತಿದ್ದಾರೆ. ಛಾಯಾಗ್ರಹಣಕ್ಕೆ ಅವರು ಕರೆತಂದದ್ದು ‘ದಿ ಥಿನ್ ರೆಡ್ ಲೈನ್’ ಎಂಬ ಗಂಭೀರ ಯುದ್ಧ ಚಿತ್ರವನ್ನು ಸೆರೆಹಿಡಿದ ಜಾನ್ ಟೋಲ್ ಅವರನ್ನು. ಹವಾಯಿಯ ಕವಾಯಿ ದ್ವೀಪದಲ್ಲಿ ಚಿತ್ರಿಸಿದ ಆರಂಭದ ಕಾಳಗ, ಹೊಟ್ಟೆಯಿಂದ ಕರುಳು ಹೊರಬಿದ್ದರೂ ಮುಗಿಯದ ಸಂಭಾಷಣೆಯನ್ನು ಬಿಟ್ಟರೆ, ಯಾವ ಯುದ್ಧ ಚಿತ್ರದಲ್ಲಾದರೂ ಸಲ್ಲುವಂಥದ್ದು. ಒಬ್ಬ ತಾರೆಗೆ ಅಳು ಬರುತ್ತಿಲ್ಲ, ಇನ್ನೊಬ್ಬನ ಅಳು ನಿಲ್ಲುತ್ತಿಲ್ಲ. ಈ ಜಗಳದ ನಡುವೆ ನಲವತ್ತು ಲಕ್ಷ ಡಾಲರಿನ ಸ್ಫೋಟ ಕ್ಯಾಮೆರಾ ಓಡದಿರುವಾಗಲೇ ಮುಗಿದುಹೋಗುತ್ತದೆ. ಇದು ಬರಿಯ ಕಟ್ಟುಕತೆಯಂತೆ ಕಾಣಬಹುದು; ಆದರೆ ಕೊಪ್ಪೊಲಾ ಅವರು ‘ಅಪೊಕ್ಯಾಲಿಪ್ಸ್ ನೌ’ ಎಂಬ ವಿಯೆಟ್ನಾಂ ಯುದ್ಧದ ಚಿತ್ರವನ್ನು ಫಿಲಿಪ್ಪೀನ್ಸ್‌ನಲ್ಲಿ ತೆಗೆಯುವಾಗ ಚಂಡಮಾರುತ ಸೆಟ್‌ಗಳನ್ನು ನೆಲಕ್ಕುರುಳಿಸಿತ್ತು, ನಾಯಕನಟ ಮಾರ್ಟಿನ್ ಶೀನ್ ಅವರಿಗೆ ಹೃದಯಾಘಾತವಾಗಿತ್ತು. ಅಂಥ ವಾಸ್ತವದ ಮುಂದೆ ಸ್ಟಿಲ್ಲರ್ ಅವರ ಉತ್ಪ್ರೇಕ್ಷೆ ದೊಡ್ಡದೇನಲ್ಲ.

ಚಿತ್ರದ ಬಗೆಗಿನ ಚರ್ಚೆ ಇಂದಿಗೂ ಸುತ್ತುವುದು ರಾಬರ್ಟ್ ಡೌನಿ ಜೂನಿಯರ್ ಅವರ ಪಾತ್ರದ ಸುತ್ತ. ಐದು ಆಸ್ಕರ್ ಗೆದ್ದ ಆಸ್ಟ್ರೇಲಿಯಾದ ನಟ ಲಜಾರಸ್ ಆಫ್ರಿಕನ್ ಅಮೆರಿಕನ್ ಸಾರ್ಜೆಂಟನ ಪಾತ್ರಕ್ಕಾಗಿ ಚರ್ಮದ ಬಣ್ಣವನ್ನೇ ಬದಲಿಸಿಕೊಂಡಿದ್ದಾನೆ, ಕ್ಯಾಮೆರಾ ಇಲ್ಲದಿರುವಾಗಲೂ ಪಾತ್ರವನ್ನು ಬಿಡುವುದಿಲ್ಲ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಗೇಲಿ ಮಾಡಿದ ದೀರ್ಘ ಇತಿಹಾಸವಿರುವ ದೇಶದಲ್ಲಿ ಇದು ಬೆಂಕಿಯೊಂದಿಗಿನ ಆಟ. ಆದರೂ ಇದು ನಡೆಯುತ್ತದೆ, ಏಕೆಂದರೆ ಪಕ್ಕದಲ್ಲಿಯೇ ಬ್ರ್ಯಾಂಡನ್ ಟಿ. ಜಾಕ್ಸನ್ ನಟಿಸಿದ ಆಲ್ಪಾ ಚೀನೋ ನಿಂತಿದ್ದಾನೆ. ಕಪ್ಪು ನಟನಿಗೆ ಸಿಗಬಹುದಾಗಿದ್ದ ಒಂದೇ ಒಂದು ಒಳ್ಳೆಯ ಪಾತ್ರವನ್ನೂ ಇವನಿಗೇ ಕೊಟ್ಟರಲ್ಲ ಎಂದು ಅವನು ನೇರವಾಗಿ ಹೇಳುತ್ತಾನೆ. ಲಜಾರಸ್ ಕಣ್ಣು ತೇವ ಮಾಡಿಕೊಂಡು ಕಪ್ಪು ಜನರ ಹೋರಾಟವನ್ನು ಬಣ್ಣಿಸುವಾಗ, ಆ ಮಾತುಗಳು ಹಳೆಯ ಟಿವಿ ಧಾರಾವಾಹಿಯೊಂದರ ಶೀರ್ಷಿಕೆ ಗೀತೆಯವು ಎಂದು ಬಯಲು ಮಾಡುವವನೂ ಅವನೇ. ಆ ಪಾತ್ರವನ್ನು ತೆಗೆದುಬಿಟ್ಟರೆ ಡೌನಿ ಅವರ ಅಷ್ಟೂ ಪ್ರತಿಭೆ ಚಿತ್ರವನ್ನು ಉಳಿಸುತ್ತಿರಲಿಲ್ಲ. ಪ್ರಶಸ್ತಿಗಾಗಿ ಹಾತೊರೆಯುವ ನಟರನ್ನು ಲೇವಡಿ ಮಾಡಿದ ಈ ಪಾತ್ರಕ್ಕೇ ಅಕಾಡೆಮಿ ಅವರನ್ನು ಪೋಷಕ ನಟ ವಿಭಾಗದಲ್ಲಿ ನಾಮನಿರ್ದೇಶನ ಮಾಡಿತು.

ಇದೇ ಅಳತೆಗೋಲನ್ನು ‘ಸಿಂಪಲ್ ಜ್ಯಾಕ್’ ಪ್ರಸಂಗಕ್ಕೆ ಹಿಡಿದರೆ ಚಿತ್ರ ಸೋಲುತ್ತದೆ. ಆಸ್ಕರ್ ಆಸೆಯಿಂದ ಸ್ಪೀಡ್‌ಮನ್ ಬೌದ್ಧಿಕ ಅಂಗವೈಕಲ್ಯವುಳ್ಳ ಯುವಕನ ಪಾತ್ರ ಮಾಡಿ ನಗೆಪಾಟಲಾಗಿರುತ್ತಾನೆ. ಇಲ್ಲಿಯೂ ಗುರಿ ನಟನ ದುರಾಸೆಯೇ ಎಂಬುದು ಚಿತ್ರತಂಡದ ಸಮರ್ಥನೆ, ಅದು ಸುಳ್ಳೂ ಅಲ್ಲ. ಆದರೆ ಇಲ್ಲಿ ಎದ್ದು ನಿಂತು ಪ್ರಶ್ನಿಸುವ ಆಲ್ಪಾ ಚೀನೋ ಇಲ್ಲ. ಯಾರನ್ನು ಅನುಕರಿಸಲಾಗುತ್ತಿದೆಯೋ ಅವರ ಪೈಕಿ ಒಬ್ಬರೂ ತೆರೆಯ ಮೇಲಿಲ್ಲ, ಉಳಿಯುವುದು ಪದೇ ಪದೇ ಕೇಳಿಬರುವ ಹೀನಾಯ ಪದವೊಂದೇ. ಬೌದ್ಧಿಕ ಅಂಗವೈಕಲ್ಯವುಳ್ಳವರ ಕ್ರೀಡಾ ಸಂಸ್ಥೆಯಾದ ಸ್ಪೆಷಲ್ ಒಲಿಂಪಿಕ್ಸ್ ಸೇರಿದಂತೆ ಹಲವು ಸಂಘಟನೆಗಳು ಬಿಡುಗಡೆಯ ಹೊತ್ತಿಗೆ ಪ್ರತಿಭಟಿಸಿದ್ದರಲ್ಲಿ ನನಗೆ ಅತಿಸೂಕ್ಷ್ಮತೆ ಕಾಣುವುದಿಲ್ಲ.

ಟಾಮ್ ಕ್ರೂಸ್ ಅವರ ನಿರ್ಮಾಪಕ ಲೆಸ್ ಗ್ರಾಸ್‌ಮನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೋಳು ತಲೆ, ದಪ್ಪ ಕೈಗಳು, ರೋಮಮಯ ಎದೆ ಮತ್ತು ಬಾಯಿ ತೆರೆದರೆ ಬೈಗುಳ. ಮಾದಕದ್ರವ್ಯ ತಂಡ ಅಪಹರಿಸಿದ ಸ್ಪೀಡ್‌ಮನ್‌ನನ್ನು ಬಿಡಿಸುವುದಕ್ಕಿಂತ ಅವನು ಸತ್ತರೆ ಬರುವ ವಿಮೆಯ ಹಣವೇ ಲಾಭದಾಯಕ ಎಂದು ಅವನು ಲೆಕ್ಕ ಹಾಕುವ ದೃಶ್ಯ ಇಡೀ ಚಿತ್ರದ ಅತಿ ಕಹಿಯಾದ ಹಾಸ್ಯ. 2006ರಲ್ಲಿ ಕ್ರೂಸ್ ಅವರೊಂದಿಗಿನ ನಂಟನ್ನು ಬಹಿರಂಗವಾಗಿಯೇ ಕಡಿದುಕೊಂಡಿದ್ದ ಪ್ಯಾರಾಮೌಂಟ್ ಸಂಸ್ಥೆಯೇ ಈ ಚಿತ್ರವನ್ನು ಬಿಡುಗಡೆ ಮಾಡಿತೆಂಬುದು ತಿಳಿದಿದ್ದರೆ ಅದರ ರುಚಿ ಇನ್ನೂ ಹೆಚ್ಚುತ್ತದೆ. (ಮನೆಮಂದಿಯೆಲ್ಲ ಕುಳಿತು ನೋಡುವ ಚಿತ್ರವಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲವಷ್ಟೆ.)

ಸಡಿಲವಾಗುವುದು ದ್ವಿತೀಯಾರ್ಧ. ಚಿತ್ರದೊಳಗಿನ ಚಿತ್ರದ ನಿರ್ದೇಶಕ ನೆಲಬಾಂಬಿಗೆ ಸಿಕ್ಕಿ ಛಿದ್ರವಾದರೂ ಅದೂ ಚಿತ್ರೀಕರಣದ ತಂತ್ರವೇ ಎಂದು ನಂಬಿ ಸ್ಪೀಡ್‌ಮನ್ ನೆತ್ತರನ್ನು ನೆಕ್ಕಿ ನೋಡುವವರೆಗೆ ಇದ್ದ ಧೈರ್ಯ, ನಟರು ನಿಜವಾಗಿಯೂ ವೀರರಾಗಿ ಗೆಳೆಯನನ್ನು ಬಿಡಿಸಲು ಹೊರಟ ಮೇಲೆ ಕರಗುತ್ತದೆ. ಅಲ್ಲಿಂದ ಮುಂದೆ ಇದು ಗುಂಡು, ಸೇತುವೆ, ಹೆಲಿಕಾಪ್ಟರ್‌ಗಳ ಮಾಮೂಲು ಸಾಹಸ ಚಿತ್ರ. ಮೊದಲ ಟ್ರೇಲರ್‌ನಲ್ಲಿ ಗೇಲಿಗೊಳಗಾದ ಸಾಹಸವೀರನ ಚಿತ್ರಕ್ಕೂ ಇದಕ್ಕೂ ಅಂತರ ತೀರಾ ಕಡಿಮೆ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಅಫೀಮಿಗೆ ಕುಖ್ಯಾತವಾದ ಆಗ್ನೇಯ ಏಷ್ಯಾದ ಗಡಿಪ್ರದೇಶ ‘ಸುವರ್ಣ ತ್ರಿಕೋನ’ದ ಮಾದಕದ್ರವ್ಯ ತಂಡದ ಚಿತ್ರಣ. ಅಮೆರಿಕದ ಯುದ್ಧ ಚಿತ್ರಗಳ ಹಳೆಯ ರೋಗ ಯಾವುದೆಂದರೆ, ಯುದ್ಧ ನಡೆದ ನೆಲದ ಜನರು ಅವುಗಳಲ್ಲಿ ಪೊದೆಯ ಹಿಂದಿನಿಂದ ಗುಂಡು ಹಾರಿಸುವ ನೆರಳುಗಳಾಗಿ ಮಾತ್ರ ಬರುವುದು. ನಟರ ಆತ್ಮರತಿಯನ್ನೂ ಸ್ಟುಡಿಯೋಗಳ ಲೋಭವನ್ನೂ ಇಷ್ಟು ನಿಷ್ಠುರವಾಗಿ ಕಂಡ ಸ್ಟಿಲ್ಲರ್ ಈ ರೋಗವನ್ನು ಅಣಕಿಸಲಿಲ್ಲ. ಹನ್ನೆರಡರ ಆಸುಪಾಸಿನ ಹುಡುಗನೊಬ್ಬನನ್ನು ತಂಡದ ನಾಯಕನನ್ನಾಗಿ ಮಾಡಿದ್ದನ್ನು ಬಿಟ್ಟರೆ, ಅವರ ಚಿತ್ರದಲ್ಲಿಯೂ ಏಷ್ಯಾದವರ ಪಾಲಿಗೆ ಬಂದದ್ದು ಕೂಗಾಟ, ಬಂದೂಕು ಮತ್ತು ಸಾವು.