ಸ್ಕಾಲರ್‌ಶಿಪ್ ಯಾವ್ದು?

ಭಾನುವಾರ ಸಂಜೆ ಫೋನಿನಲ್ಲಿ ಕೇಳಿದ ಒಂದು ‘ಓ’ ಇನ್ನೂ ತಲೆಯಿಂದ ಹೋಗಿಲ್ಲ. ಲ್ಯಾಬಿನಲ್ಲಿ ಕೂತರೂ ಅದೇ, ಬಸ್ಸಿನಲ್ಲಿ ನಿಂತರೂ ಅದೇ.

ಇಲ್ಲಿನ, ಅಂದರೆ ಜರ್ಮನಿಯ ಆಖೆನ್‌ನ, ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದು ರೂಮಿನ ಫೋಟೊ ಬಂದಿತ್ತು. ಪಾಂಟ್‌ಸ್ಟ್ರಾಸೆಗೆ ಹತ್ತಿರ, ಯೂನಿವರ್ಸಿಟಿಗೆ ನಡೆದೇ ಹೋಗಬಹುದು, ಕಿಟಕಿಯಲ್ಲಿ ಕರಿಬೇವಿನ ಕುಂಡ. ನಾನೀಗ ಇರುವ ರೂಮು ಈ ತಿಂಗಳ ಕೊನೆಯವರೆಗೆ ಮಾತ್ರ. ಜರ್ಮನ್ ಜಾಹೀರಾತುಗಳಿಗೆ ಬರೆದೂ ಬರೆದೂ ಸಾಕಾಗಿದೆ, ಹೆಚ್ಚಿನವರು ಉತ್ತರವನ್ನೇ ಕೊಡುವುದಿಲ್ಲ. ಹೆಸರು ನೋಡಿಯೇ ಬಿಟ್ಟುಬಿಡುವವರೂ ಅವರಲ್ಲಿ ಇರಬಹುದು. ಅಂಥದ್ದರಲ್ಲಿ ಕರಿಬೇವಿನ ಕುಂಡ ಕಂಡರೆ ಹೇಗಾಗಬೇಡ. ತಕ್ಷಣ ಫೋನ್ ಮಾಡಿದೆ.

ಎತ್ತಿಕೊಂಡ ಅಕ್ಕ ಬೆಂಗಳೂರಿನವರು. ಬಹಳ ಚೆನ್ನಾಗಿ ಮಾತಾಡಿದರು. ಸೋನಾ ಮಸೂರಿ ಎಲ್ಲಿ ಸಿಗುತ್ತದೆ, ಭಾನುವಾರ ಅಂಗಡಿ ಇರಲ್ಲ, ಶನಿವಾರವೇ ಹಾಲು ತಂದಿಟ್ಟುಕೊಳ್ಳಬೇಕು, ಪ್ಲಾಸ್ಟಿಕ್ ಬಾಟಲಿ ಎಸೆಯಬಾರದು, ಅಂಗಡಿಯ ಮೆಷಿನ್ನಿಗೆ ಹಾಕಿದರೆ 25 ಸೆಂಟ್ ವಾಪಸ್ ಬರುತ್ತದೆ, ಎಲ್ಲ ಹೇಳಿದರು. ‘ನೀವು’ ಹೋಗಿ ‘ನೀನು’ ಬಂದಾಗಿತ್ತು. ಆಮೇಲೆ:

“ಯಾವೂರಾಯ್ತು?”

“ಚಾಮರಾಜನಗರದ ಹತ್ರ ಅಕ್ಕ.”

“ಮನೇಲಿ ಲೋನ್ ಮಾಡಿ ಕಳ್ಸಿದ್ರಾ?”

“ಇಲ್ಲ ಅಕ್ಕ, ಸ್ಕಾಲರ್‌ಶಿಪ್.”

“ಹೌದಾ! ಯಾವ್ದು?”

“ಪ್ರಬುದ್ಧ.”

“ಓ.”

ಅಷ್ಟೇ. ಅದಾದ ಮೇಲೆ “ಇನ್ನೊಬ್ರೂ ಕೇಳಿದಾರೆ, ನೋಡಿ ಹೇಳ್ತೀನಿ, ನೀವು ಬೇರೆ ಕಡೇನೂ ಟ್ರೈ ಮಾಡ್ತಿರಿ” ಅಂದರು. ‘ನೀವು’ ಮತ್ತೆ ಬಂದಿತ್ತು. ಮಂಗಳವಾರ ಗುಂಪಿನಲ್ಲಿ ಅದೇ ಫೋಟೊ, ಅದೇ ಕರಿಬೇವಿನ ಕುಂಡ: ‘ರೂಮು ಇನ್ನೂ ಖಾಲಿ ಇದೆ, ಬೇಕಾದವರು ತಿಳಿಸಿ.’

ಪ್ರಬುದ್ಧ ಅಂದರೆ ಸಮಾಜ ಕಲ್ಯಾಣ ಇಲಾಖೆ ಎಸ್‌ಸಿ, ಎಸ್‌ಟಿ ಮಕ್ಕಳನ್ನು ವಿದೇಶದಲ್ಲಿ ಓದಿಸುವ ಯೋಜನೆ ಅನ್ನುವುದು ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರಿನಲ್ಲಿ ಬಿಇ ಓದುವಾಗ ರೂಮು ಹುಡುಕಿದರೆ ಬಾಗಿಲಲ್ಲೇ ನಿಲ್ಲಿಸಿ “ನೀವು ಯಾವ ಜನ?” ಅಂತ ನೇರವಾಗಿ ಕೇಳುತ್ತಿದ್ದರು. ಅಲ್ಲಿ ತಿರುಗಿ ಬರಬಹುದಿತ್ತು, ಜಗಳವನ್ನೂ ಆಡಬಹುದಿತ್ತು. ಇಲ್ಲಿ ಏನು ಹೇಳಲಿ? ಅವರು ನನ್ನ ಜಾತಿ ಕೇಳಲೇ ಇಲ್ಲವಲ್ಲ. ಊರು ಕೇಳಿದರು, ಸಾಲ ಕೇಳಿದರು, ಸ್ಕಾಲರ್‌ಶಿಪ್ ಕೇಳಿದರು. ಜೊತೆಯಲ್ಲಿ ಓದುವ ಹುಡುಗಿಯ ಹತ್ತಿರ ಹೇಳಿಕೊಂಡರೆ “ಅವರು ತುಂಬಾ ಒಳ್ಳೆಯವರು ಕಣೆ, ನೀನೇ ಏನೇನೋ ಅಂದ್ಕೋತಿದೀಯ” ಅಂದಳು. ಅವರು ಒಳ್ಳೆಯವರು ಅನ್ನುವುದು ನನಗೂ ಗೊತ್ತು, ಅಕ್ಕಿ ಸಿಗುವ ಅಂಗಡಿಯ ವಿಳಾಸ ಕೊಟ್ಟವರು ಅವರೇ. ಆದರೆ ಅಷ್ಟು ಒಳ್ಳೆಯತನ ಒಂದು ಸ್ಕಾಲರ್‌ಶಿಪ್ಪಿನ ಹೆಸರು ಕೇಳಿ ಮುಗಿದುಹೋಗುವುದಾದರೆ ಅದನ್ನು ಒಳ್ಳೆಯತನ ಅಂತ ಕರೆಯಲು ನಾನು ತಯಾರಿಲ್ಲ.

ಬುಧವಾರ ನಗರಾಡಳಿತದ ಕಚೇರಿಯಲ್ಲಿ ಆನ್‌ಮೆಲ್ಡುಂಗ್ ಇತ್ತು. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಮನೆ ಕೊಟ್ಟವರ ಸಹಿ ಇರುವ ಪತ್ರ ಬೇಕು. ಅದಿಲ್ಲದಿದ್ದರೆ ಮುಂದಿನ ಕೆಲಸ ಒಂದೂ ನಡೆಯುವುದಿಲ್ಲ. ಫಾರಂ ತುಂಬುತ್ತಾ ಹೋದರೆ ಮಧ್ಯದಲ್ಲಿ ಒಂದು ಖಾನೆ: ಧರ್ಮ. ನನ್ನ ಕೈ ನಿಂತುಬಿಟ್ಟಿತು. ಎದುರಿಗಿದ್ದ ಹೆಂಗಸಿಗೆ ನಮ್ಮಮ್ಮನಷ್ಟು ವಯಸ್ಸು. ನಾನು ತಡೆದದ್ದು ನೋಡಿ, ನಿಧಾನವಾದ ಇಂಗ್ಲಿಷಿನಲ್ಲಿ, ಅದು ಚರ್ಚ್ ತೆರಿಗೆಗೋಸ್ಕರ ಮಾತ್ರ ಅಂದರು. ಕ್ಯಾಥೊಲಿಕ್, ಪ್ರಾಟೆಸ್ಟಂಟ್ ಚರ್ಚುಗಳ ಸದಸ್ಯರು ಆದಾಯ ತೆರಿಗೆಯ ಮೇಲೆ ಈ ರಾಜ್ಯದಲ್ಲಿ ಶೇ 9ರಷ್ಟು ಚರ್ಚಿಗೆ ಕೊಡಬೇಕಂತೆ. “ನಿಮಗೆ ಅದು ಬೇಕಾಗಿಲ್ಲ” ಅಂತ ಹೇಳಿ, ಖಾನೆಯ ಮೇಲೆ ಪೆನ್ನಿನ ತುದಿ ಇಟ್ಟು ಸಣ್ಣದೊಂದು ಗೆರೆ ಎಳೆದು, ಮುಂದಿನ ಸಾಲಿಗೆ ಹೋದರು. ಯಾಕೆ ಕೇಳುತ್ತಿದ್ದೇವೆ ಅಂತ ಕಾರಣ ಹೇಳಿ, ಕಾರಣ ಇಲ್ಲ ಅಂದಾಗ ಬಿಟ್ಟುಬಿಟ್ಟರು. ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ಸುಮಾರು ಹೊತ್ತು ನಿಂತಿದ್ದೆ, ಅಳು ಬಂದಿತ್ತು.

ಆವಾಗಿನಿಂದ ಬಾಬಾಸಾಹೇಬರ ಬರೋಡದ ಕಥೆ ನೆನಪಾಗುತ್ತಿದೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ 1917ರಲ್ಲಿ ಬರೋಡದ ಕೆಲಸಕ್ಕೆ ಬಂದವರಿಗೆ ಉಳಿಯಲು ಜಾಗ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿ ವಸತಿಗೃಹದಲ್ಲಿದ್ದರು. ಗೊತ್ತಾದ ಮೇಲೆ ಜನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಅವತ್ತು ಅವರು ಸಹಾಯ ಕೇಳಿದ ಸ್ನೇಹಿತರಲ್ಲೊಬ್ಬ, ಹೆಂಡತಿ ನಾಳೆ ಬರುತ್ತಾಳೆ, ಅವಳನ್ನು ಕೇಳಬೇಕು ಅಂದನಂತೆ. ಅವನೂ ‘ಇಲ್ಲ’ ಅನ್ನಲಿಲ್ಲ. ವಿದೇಶದಲ್ಲಿದ್ದ ವರ್ಷಗಳಲ್ಲಿ ತಾನು ಅಸ್ಪೃಶ್ಯ ಅನ್ನುವುದೇ ಮನಸ್ಸಿನಿಂದ ಅಳಿಸಿಹೋಗಿತ್ತು ಎಂದು ಅವರೇ ಬರೆದುಕೊಂಡಿದ್ದಾರೆ. ಅವರಿಗೆ ಅದು ನೆನಪಾದದ್ದು ಬರೋಡ ತಲುಪಿದಾಗ. ನನಗೆ ಅದನ್ನು ಮರೆಯುವಷ್ಟು ಸಮಯವೂ ಸಿಗಲಿಲ್ಲ. ಜರ್ಮನಿಯ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ನಮ್ಮವರದ್ದೇ ದೊಡ್ಡ ಗುಂಪು, 2023-24ರಲ್ಲೇ 49,000 ದಾಟಿತ್ತು. ಇಷ್ಟು ಜನ ಇದ್ದಾರೆಂದೇ ಅಮ್ಮ ಧೈರ್ಯವಾಗಿ ಕಳಿಸಿದ್ದು. ದಿನಾ ಫೋನಿನಲ್ಲಿ ಒಂದೇ ಮಾತು: “ಕನ್ನಡದೋರು ಯಾರಾರು ಸಿಕ್ಕುದ್ರಾ ಮಗ? ಅವ್ರ ಜೊತೆಗಿದ್ಬುಡು, ನಂಗೂ ನೆಮ್ಮದಿ.”

ಅವಳಿಗೆ ಭಾನುವಾರದ ವಿಷಯ ಹೇಳಿಲ್ಲ, ಹೇಳುವುದೂ ಇಲ್ಲ. ಅಂಗನವಾಡಿಯಲ್ಲಿ ತನ್ನ ಕೈಯಡುಗೆ ಮಕ್ಕಳು ಉಣ್ಣಬಾರದು ಅಂತ ಮನೆಯಿಂದ ಡಬ್ಬಿ ಕಳಿಸಿದವರನ್ನು ನೋಡಿಕೊಂಡೇ ಕೆಲಸ ಮಾಡಿದವಳು ಅವಳು. ಸಮುದ್ರದಾಚೆಗಾದರೂ ಮಗಳಿಗೆ ಅದಿಲ್ಲ ಅಂತ ಅವಳು ನಂಬಿರಲಿ.

ಆದರೆ ಮತ್ತೆ ಯಾರಾದರೂ ಸ್ಕಾಲರ್‌ಶಿಪ್ ಯಾವುದು ಅಂತ ಕೇಳಿದರೆ ಪ್ರಬುದ್ಧ ಅಂತಲೇ ಹೇಳುತ್ತೇನೆ. ಹೋಬಳಿ ಹೈಸ್ಕೂಲಿನಿಂದ ಇಲ್ಲಿಯವರೆಗೆ ಓದಿಕೊಂಡು ಬಂದು ಪಡೆದದ್ದು ಅದು, ಯಾರ ‘ಓ’ಗೂ ಅದನ್ನು ಮುಚ್ಚಿಡುವುದಿಲ್ಲ.

ನಾಳೆ ಸಂಜೆ ಬುರ್ಟ್‌ಶೈಡ್ ಕಡೆ ಇನ್ನೊಂದು ರೂಮು ನೋಡಲು ಹೋಗಬೇಕು. ಒಬ್ಬಳು ಜರ್ಮನ್, ಒಬ್ಬಳು ಇರಾನಿನವಳು, ಒಂದು ಬೆಕ್ಕು ಇರುವ ಮನೆ. ಸಿಗರೇಟು ಸೇದ್ತೀಯಾ, ಬೆಕ್ಕಿನಿಂದ ಅಲರ್ಜಿ ಆಗುತ್ತಾ ಅಂತ ಬರೆದು ಕೇಳಿದ್ದಾರೆ. ಎರಡಕ್ಕೂ ಇಲ್ಲ ಅಂತ ಕಳಿಸಿದ್ದೇನೆ.