ಎರಡು ಉತ್ತರ ಬರುವ ಸುಳಿವು

ಬೆಳಿಗ್ಗೆ ಎಂಟರ ಹೊತ್ತಿಗೆ ವಿಜಯನಗರದಲ್ಲಿ ಮೆಟ್ರೊ ಹತ್ತಿದರೆ ಸೀಟಿನ ಮಾತೇ ಇಲ್ಲ. ಒಂದು ಕೈ ಮೇಲಿನ ಹಿಡಿಕೆಗೆ, ಇನ್ನೊಂದರಲ್ಲಿ ಮೊಬೈಲ್. ಕಳೆದ ಮಂಗಳವಾರ ರೈಲು ಮಾಗಡಿ ರಸ್ತೆ ದಾಟುವಷ್ಟರಲ್ಲಿ ಧಾರವಾಡದಿಂದ ಸಂದೇಶ ಬಂತು. ಚೌಕುಳಿ ಪುಸ್ತಕದ ಹಾಳೆಯಲ್ಲಿ ಕೈಯಿಂದ ಗೆರೆ ಎಳೆದು ಮಾಡಿದ ಪದಬಂಧದ ಫೋಟೊ, ಕೆಳಗೆ ಮೂರು ಸಾಲು: “ಎಡದಿಂದ ಬಲಕ್ಕೆ 14 ಬಿಡಿಸು ನೋಡೋಣ. ‘ತೆರಿಗೆಯ ಬಟ್ಟೆ ಜೇಬಿನಲ್ಲಿದೆ’, ನಾಲ್ಕು ಮನೆ. ಇವತ್ತು ನಮ್ಮ ಮನೆಯಾಕೆಗೆ ಕಣ್ಣಿನ ಪೊರೆಯ ಆಪರೇಷನ್, ಹತ್ತು ಗಂಟೆಗೆ ಬರಹೇಳಿದ್ದಾರೆ ತಂಗೀ.”

ಮಾಸ್ತರರು ಬರೆಯುವುದೇ ಹೀಗೆ. ಪದಬಂಧ ಎಲ್ಲಿ ಮುಗಿಯಿತು, ಮನೆಯ ಸುದ್ದಿ ಎಲ್ಲಿ ಶುರುವಾಯಿತು ಎಂದು ಬೇರ್ಪಡಿಸಲು ಬರುವುದಿಲ್ಲ.

ಅವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ನಾವಿಬ್ಬರೂ ಇಂದಿಗೂ ಮುಖ ನೋಡಿಕೊಂಡವರಲ್ಲ. ನಾಲ್ಕು ವರ್ಷದ ಹಿಂದೆ, ಪದಬಂಧದ ಹುಚ್ಚು ಹಿಡಿದವರ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಬಡವರ ಬಾದಾಮಿ’ ಎಂಬ ಸುಳಿವಿನ ಮೇಲೆ ಜಗಳವಾಗಿತ್ತು. ಐದು ಮನೆ ಇದ್ದವು, ಉತ್ತರ ‘ಕಡಲೆಕಾಯಿ’. ಮಾಸ್ತರರು ಅದನ್ನು ತುಂಬಿ, “ತುಂಬಿದ್ದೇನೆ, ಆದರೆ ಒಪ್ಪಿ ಅಲ್ಲ. ನಮ್ಮ ಕಡೆ ಅದು ಶೇಂಗಾ, ಎರಡೇ ಮನೆ ಸಾಕು” ಎಂದು ಬರೆದಿದ್ದರು. “ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಗೆ ಬಂದು ‘ಶೇಂಗಾ ಪರಿಷೆ ಎಲ್ಲಿ’ ಎಂದು ಕೇಳಿ ನೋಡಿ” ಎಂದು ನಾನು ಉತ್ತರ ಕೊಟ್ಟೆ. ಮರುದಿನ ಅವರೇ ನನಗೆ ಪ್ರತ್ಯೇಕವಾಗಿ ಒಂದು ಸುಳಿವು ಕಳುಹಿಸಿದರು. ಅಲ್ಲಿಂದ ಶುರುವಾದದ್ದು ನಿಂತಿಲ್ಲ. 2024ರ ಬೇಸಿಗೆಯಲ್ಲಿ ನಮ್ಮ ಬೀದಿಯ ಕೊಳವೆಬಾವಿ ಬತ್ತಿ ನಾವು ಟ್ಯಾಂಕರಿಗೆ ಕಾಯುತ್ತಿದ್ದುದು, ನನ್ನ ಅಮ್ಮನ ಸಕ್ಕರೆ ಕಾಯಿಲೆ ಏರಿದ್ದು ಇಳಿದದ್ದು ಎಲ್ಲ ಅವರಿಗೆ ಗೊತ್ತು. ಅವರ ಮಗ ಪುಣೆಯಿಂದ ಯಾವ ಹಬ್ಬಕ್ಕೆ ಬರಲಿಲ್ಲ ಎಂಬುದು ನನಗೆ ಗೊತ್ತು. ಮೆಟ್ರೊ ನಿಲ್ದಾಣಗಳ ಹೆಸರೂ ಅವರಿಗೆ ಬಾಯಿಪಾಠ. “ಇಂದಿರಾನಗರ ಬಂದಿರಬೇಕು, 9 ಇನ್ನೂ ಆಗಲಿಲ್ಲವೇ?” ಎಂದು ಗದರಿಸುತ್ತಾರೆ.

ಸುಳಿವು ಕಟ್ಟುವುದನ್ನು ನನಗೆ ಕಲಿಸಿದವರು ಅವರು. ಅ.ನಾ. ಪ್ರಹ್ಲಾದರಾವ್ ಅವರು ಕನ್ನಡದಲ್ಲಿ 40 ಸಾವಿರಕ್ಕೂ ಹೆಚ್ಚು ಪದಬಂಧ ರಚಿಸಿದ್ದಾರೆ ಎಂಬುದನ್ನು ಮಾಸ್ತರರು ದೇವರ ಹೆಸರು ಹೇಳುವ ಧಾಟಿಯಲ್ಲಿ ಹೇಳುತ್ತಾರೆ. ನಾನು ಕಟ್ಟಿದ ಮೊದಲ ಸುಳಿವು ‘ಕತ್ತಿನದು ತಿರುಗಿದರೆ ಹಣ್ಣಿನದು’, ಎರಡು ಮನೆ. ಬಹಳ ಜಾಣತನ ಮಾಡಿದೆನೆಂದು ಬೀಗಿದ್ದೆ. ಅವರ ಉತ್ತರ ಬಂತು: “ಸರ ಬರೆಯಲೋ, ರಸ ಬರೆಯಲೋ? ಎರಡು ಉತ್ತರ ಬರುವ ಸುಳಿವು ಸುಳಿವಲ್ಲ. ಬಿಡಿಸುವವನು ನಿನ್ನ ಮನೆಗೆ ಬಂದು ಕೇಳಲು ಆಗುತ್ತದೆಯೇ?” ನಕ್ಕು ಮರೆತೆ.

ಇನ್ನು ನನ್ನ ಕೆಲಸದ ವಿಷಯ. ಅಂಗಡಿಯವರು ಹಣ ಕೊಡಲು, ಪಡೆಯಲು ಬಳಸುವ ಒಂದು ಆ್ಯಪ್‌ನಲ್ಲಿ ಕಾಣಿಸುವ ಕನ್ನಡ ಸಾಲುಗಳನ್ನು ಬರೆಯುವವಳು ನಾನು. ವೈಟ್‌ಫೀಲ್ಡ್ ಕಡೆ ಕಚೇರಿ. ಕಂಪನಿಯ ಹೆಸರು ಇಲ್ಲಿ ಬೇಡ. ಹೊರಗಿನವರು ಅಂದುಕೊಳ್ಳುವಂತೆ ನನ್ನ ಮುಂದೆ ಆ್ಯಪ್‌ನ ಪರದೆ ಇರುವುದಿಲ್ಲ, ಒಂದು ಎಕ್ಸೆಲ್ ಹಾಳೆ ಇರುತ್ತದೆ. ಎಡಗಡೆ ಇಂಗ್ಲಿಷ್ ಸಾಲು, ಬಲಗಡೆ ಖಾಲಿ ಜಾಗ. ಆ ಸಾಲು ಯಾವಾಗ, ಯಾರಿಗೆ, ಯಾವ ಗುಂಡಿ ಒತ್ತಿದ ಮೇಲೆ ಕಾಣುತ್ತದೆ ಎಂಬುದು ಹಾಳೆಯಲ್ಲಿಲ್ಲ. ನನಗಿಂತ ಮುಂಚೆ ಯಾರೋ ಹಿಂದಿನ ಪುಟಕ್ಕೆ ಹೋಗುವ ಗುಂಡಿಯ ಮೇಲೆ ‘ಬೆನ್ನು’ ಎಂದು ಬರೆದಿದ್ದರು. ಹೊಸಬರು ಸೇರಿದಾಗಲೆಲ್ಲ ಆ ಕಥೆ ಹೇಳಿ ನಗಿಸುತ್ತಿದ್ದೆ. ನಾನು ಅಂಥ ತಪ್ಪು ಮಾಡುವವಳಲ್ಲ ಎಂಬ ಧೈರ್ಯ.

ಕಳೆದ ವರ್ಷ ಮಳೆಗಾಲದಲ್ಲಿ ಒಂದು ಸಂಜೆ ಮಾಸ್ತರರು ಪದಬಂಧದ ಬದಲು ಬೇರೆಯವರ ಮೊಬೈಲ್ ಪರದೆಯ ಫೋಟೊ ಕಳುಹಿಸಿದರು. ಅವರ ಎದುರುಮನೆಯ ಕಿರಾಣಿ ಅಂಗಡಿಯವರದು. ಸಗಟು ವ್ಯಾಪಾರಿಗೆ 4,200 ರೂಪಾಯಿ ಕಳುಹಿಸಲು ಹೋದಾಗ ಬಂದ ಸಾಲು: ‘ವಹಿವಾಟು ವಿಫಲವಾಗಿದೆ. ದಯವಿಟ್ಟು ಮರುಪ್ರಯತ್ನಿಸಿ.’ ಅವರು ಹೇಳಿದಂತೆಯೇ ಮರುಪ್ರಯತ್ನಿಸಿದರು. ಅರ್ಧ ಗಂಟೆಯಲ್ಲಿ ಎರಡು ಸಲದ ಹಣವೂ ಹೋಗಿತ್ತು. ಫೋಟೊದ ಕೆಳಗೆ ಮಾಸ್ತರರು ಬರೆದಿದ್ದರು: “ಹಣ ಹೋಯಿತೋ ಇಲ್ಲವೋ ಓದಿ ಹೇಳಿ ಮಾಸ್ತರೇ ಎಂದು ಬಂದಿದ್ದಾನೆ. ನಾನು ಮೂರು ಸಲ ಓದಿದೆ. ಇದು ಎರಡು ಉತ್ತರ ಬರುವ ಸುಳಿವು ತಂಗೀ. ಯಾರು ಬರೆದರೋ.”

ಬರೆದವಳು ನಾನು. ನಾನು ಕಂಪ್ಯೂಟರ್ ಕಂಪನಿಯಲ್ಲಿ ಕನ್ನಡದ ಕೆಲಸ ಮಾಡುತ್ತೇನೆ ಎಂದಷ್ಟೇ ಅವರಿಗೆ ಗೊತ್ತಿತ್ತು, ಯಾವ ಆ್ಯಪ್ ಎಂದು ಅವರು ಕೇಳಿರಲಿಲ್ಲ. “ಗ್ರಾಹಕ ಸೇವೆಗೆ ದೂರು ಕೊಡಲು ಹೇಳಿ” ಎಂದು ಮಾತ್ರ ಬರೆದು ಸುಮ್ಮನಾದೆ. ನಾಲ್ಕು ದಿನ ಪದಬಂಧದ ಫೋಟೊಗಳಿಗೂ ಉತ್ತರ ಕೊಡಲಿಲ್ಲ. ಏಕೆ ಎಂದು ಅವರು ಕೇಳಲಿಲ್ಲ, ಫೋಟೊ ಕಳುಹಿಸುವುದನ್ನು ನಿಲ್ಲಿಸಲೂ ಇಲ್ಲ.

ಆ ನಾಲ್ಕು ದಿನ ಕಚೇರಿಯಲ್ಲಿ ನಾನು ಮಾಡಿದ್ದು, ಸೇರಿದ ಮೊದಲ ವಾರವೇ ಮಾಡಬೇಕಾಗಿದ್ದ ಕೆಲಸ. ಕೋಡ್ ಬರೆಯುವ ಹುಡುಗನ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತು, ಈ ಸಾಲು ಯಾವಾಗ ಬರುತ್ತದೆ ತೋರಿಸು ಎಂದೆ. ಯುಪಿಐಯಲ್ಲಿ ಹಣ ಕಳುಹಿಸಿದಾಗ ಮೂರು ಗತಿ ಉಂಟು: ಹೋಯಿತು, ಹೋಗಲಿಲ್ಲ, ಇನ್ನೂ ಗೊತ್ತಿಲ್ಲ. ಬ್ಯಾಂಕಿನಿಂದ ಸಮಯಕ್ಕೆ ಉತ್ತರ ಬಾರದಿದ್ದರೆ ಅದು ಮೂರನೆಯದು; ಹಣ ಆಮೇಲೆ ತಲುಪಲೂಬಹುದು, ಮರಳಲೂಬಹುದು. ನಮ್ಮ ಆ್ಯಪ್ ಎರಡನೆಯದಕ್ಕೂ ಮೂರನೆಯದಕ್ಕೂ ಒಂದೇ ಸಾಲನ್ನು ತೋರಿಸುತ್ತಿತ್ತು. ಇಂಗ್ಲಿಷಿನಲ್ಲೂ ಅದೇ ದೋಷ ಇತ್ತು, ಸರಿ. ಆದರೆ ಕನ್ನಡದಲ್ಲಿ ‘ಮರುಪ್ರಯತ್ನಿಸಿ’ ಎಂದು ಅಪ್ಪಣೆ ಕೊಟ್ಟವಳು ನಾನು. ಎದುರುಮನೆಯವರು ಅದನ್ನು ಪಾಲಿಸಿದರು, ಅಷ್ಟೇ.

ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸುತ್ತೋಲೆಯನ್ನೂ ಆಗಲೇ ಮೊದಲ ಬಾರಿ ಪೂರ್ತಿ ಓದಿದ್ದು. ಯುಪಿಐಯಲ್ಲಿ ಖಾತೆಯಿಂದ ಹಣ ಕಡಿತವಾಗಿ ಎದುರಿನವರಿಗೆ ತಲುಪದಿದ್ದರೆ, ವ್ಯಕ್ತಿಗೆ ಕಳುಹಿಸಿದ್ದಾದರೆ ಮರುದಿನದೊಳಗೆ, ವ್ಯಾಪಾರಿಗೆ ಪಾವತಿಸಿದ್ದಾದರೆ ಐದು ದಿನದೊಳಗೆ ಅದು ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇಷ್ಟು ವರ್ಷ ಹಣದ ಸಾಲುಗಳನ್ನು ಬರೆದವಳಿಗೆ ಇದು ತಿಳಿದಿರಲಿಲ್ಲ. ಹಾಳೆಯಲ್ಲಿ ಇರಲಿಲ್ಲವಲ್ಲ!

ಈಗ ಅಲ್ಲಿ ಎರಡು ಬೇರೆ ಸಾಲುಗಳಿವೆ. ಒಂದು: ‘ಹಣ ತಲುಪಿಲ್ಲ. ಖಾತೆಯಿಂದ ಕಡಿತವಾಗಿದ್ದರೆ ಮರಳಿ ಬರುತ್ತದೆ.’ ಇನ್ನೊಂದು: ‘ಬ್ಯಾಂಕಿನಿಂದ ಉತ್ತರ ಬಂದಿಲ್ಲ. ಬರುವವರೆಗೆ ಮತ್ತೆ ಕಳುಹಿಸಬೇಡಿ.’ ‘ವಹಿವಾಟು’, ‘ವಿಫಲ’ ಎರಡನ್ನೂ ತೆಗೆದೆ. ‘ಕಳುಹಿಸಬೇಡಿ’ ಎಂದರೆ ಒರಟಾಗುತ್ತದೆ ಎಂದು ಮೇಲಿನವರೊಬ್ಬರು ಮುಖ ಹುಳ್ಳಗೆ ಮಾಡಿದರು. 4,200 ರೂಪಾಯಿಯ ಕಥೆ ಹೇಳಿದ ಮೇಲೆ ಒಪ್ಪಿದರು.

ಐದನೆಯ ದಿನ ಮಾಸ್ತರರಿಗೆ ಬರೆದೆ. “ಆ ಸಾಲು ಬರೆದದ್ದು ನಾನು. ಅಂಗಡಿಯವರಿಗೆ ಹೇಳಿ, ನನ್ನದೇ ತಪ್ಪು.” ಅಷ್ಟು ಬರೆಯಲು ಬೈಯಪ್ಪನಹಳ್ಳಿಯಿಂದ ಕಾಡುಗೋಡಿಯವರೆಗೆ ಸಮಯ ಹಿಡಿಯಿತು. ಉತ್ತರ ರಾತ್ರಿ ಬಂತು. “ಹೇಳಿದೆ. ಸಗಟಿನವನು ಮುಂದಿನ ಲೋಡಿನಲ್ಲಿ ವಜಾ ಮಾಡಿಕೊಳ್ಳುತ್ತಾನಂತೆ. ‘ನಿಮ್ಮ ತಂಗಿಗೆ ಒಂದು ಕೆಲಸ ಹೇಳಿ, ನನ್ನ ಅಂಗಡಿಯ ಹೆಸರು ಅರ್ಧ ನುಂಗಿದ್ದಾರೆ’ ಎಂದ.”

ಹಳೆಯ ಫೋಟೊವನ್ನು ಮತ್ತೆ ತೆರೆದು ನೋಡಿದೆ. ಪರದೆಯ ನೆತ್ತಿಯಲ್ಲಿ ‘ಶ್ರೀ ಲಕ್ಷ್ಮೀ ವೆಂಕಟೇಶ’ ಎಂದಿತ್ತು. ಯಾರದೋ ಹೆಸರಿರಬೇಕು ಎಂದು ನಾನು ಕಣ್ಣು ಹಾಯಿಸಿ ಬಿಟ್ಟಿದ್ದೆ. ಅಂಗಡಿಯ ಬೋರ್ಡಿನಲ್ಲಿರುವುದು ‘ಶ್ರೀ ಲಕ್ಷ್ಮೀ ವೆಂಕಟೇಶ್ವರ ಕಿರಾಣಿ ಸ್ಟೋರ್ಸ್’. ಅಂಗಡಿಯ ಹೆಸರಿಗೆ 20 ಅಕ್ಷರ ಎಂದು ಯಾರೋ ಮಿತಿ ಇಟ್ಟಿದ್ದರು. ಕಂಪ್ಯೂಟರಿನ ಲೆಕ್ಕವೇ ಬೇರೆ: ಅದು ಅಕ್ಷರಗಳನ್ನು ಸಂಕೇತಗಳಾಗಿ ಇಟ್ಟುಕೊಳ್ಳುವ ಯುನಿಕೋಡ್ ಪದ್ಧತಿಯಲ್ಲಿ ಗುಣಿತದ ಚಿಹ್ನೆಯೂ ಒಂದು, ಸೊನ್ನೆಯೂ ಒಂದು, ಒತ್ತಕ್ಷರದ ನಡುವೆ ಅಡಗಿರುವ ವಿರಾಮವೂ (ಅರ್ಧಾಕ್ಷರದ ಚಿಹ್ನೆ) ಒಂದು. ನಮಗೆ ‘ಲಕ್ಷ್ಮೀ’ ಎಂದರೆ ಎರಡು ಮನೆ, ಅದಕ್ಕೆ ಏಳು. ‘ಶ್ರೀ’ ಒಂದೇ ಮನೆ, ಅದಕ್ಕೆ ನಾಲ್ಕು. ನಡುವಿನ ಖಾಲಿ ಜಾಗಗಳನ್ನೂ ಸೇರಿಸಿ ಎಣಿಸಿದರೆ ‘ವೆಂಕಟೇಶ’ದ ಶಕಾರಕ್ಕೆ ಸರಿಯಾಗಿ 20 ಮುಗಿಯುತ್ತದೆ. ಕತ್ತರಿ ಬಿದ್ದ ಜಾಗದಲ್ಲಿ ಒಂದು ಸರಿಯಾದ ಹೆಸರೇ ಉಳಿದುಕೊಂಡಿತ್ತು. ಹರಕುಮುರುಕಾಗಿ ಕಂಡಿದ್ದರೆ ಪರೀಕ್ಷಿಸುವವರು ಎಂದೋ ಹಿಡಿಯುತ್ತಿದ್ದರು.

ಸಭೆಯಲ್ಲಿ ಯುನಿಕೋಡ್ ವಿವರಿಸಲು ಹೋದರೆ ಅರ್ಧ ಜನ ಮೊಬೈಲ್ ನೋಡುತ್ತಾರೆ ಎಂದು ಗೊತ್ತಿತ್ತು. ಆದ್ದರಿಂದ ಬಿಳಿ ಹಲಗೆಯ ಮೇಲೆ ಪದಬಂಧದ ಮನೆಗಳನ್ನು ಎಳೆದೆ. ಮೇಲಿನ ಸಾಲಿನಲ್ಲಿ ಶ್ರೀ, ಲ, ಕ್ಷ್ಮೀ: ಮೂರು ಮನೆ. ಕೆಳಗಿನ ಸಾಲಿನಲ್ಲಿ ಅದನ್ನೇ ಬಿಡಿಸಿ ಒಂದೊಂದು ಚೂರಿಗೂ ಒಂದೊಂದು ಮನೆ: ಹನ್ನೊಂದು. ಕನ್ನಡ ಬಾರದ ತಂಡದ ಮುಖ್ಯಸ್ಥೆ ಎದ್ದು ಬಂದು ಬೆರಳಿಟ್ಟು ಎಣಿಸಿದರು. ಹೆಸರಿನ ಮಿತಿ ಆ ವಾರವೇ ಹೋಯಿತು. ಎಕ್ಸೆಲ್ ಹಾಳೆಗೆ ‘ಎಲ್ಲಿ ಕಾಣುತ್ತದೆ’ ಎಂಬ ಹೊಸ ಕಾಲಂ ಬರಲು ಮಾತ್ರ ಮೂರು ತಿಂಗಳು ಬೇಕಾಯಿತು. ಈಗಲೂ ಅರ್ಧ ಸಾಲುಗಳಲ್ಲಿ ಅದು ಖಾಲಿಯೇ ಬರುತ್ತದೆ. ಖಾಲಿ ಇದ್ದರೆ ನಾನು ಮುಟ್ಟುವುದಿಲ್ಲ, ಎದ್ದು ಹೋಗಿ ಕೇಳುತ್ತೇನೆ. ದಿನಕ್ಕೆ ಇನ್ನೂರು ಸಾಲು ಮುಗಿಸುತ್ತಿದ್ದವಳು ಈಗ ನೂರು ಮುಗಿಸಿದರೆ ಹೆಚ್ಚು. ವರ್ಷದ ಮೌಲ್ಯಮಾಪನದಲ್ಲಿ ಅದಕ್ಕೆ ಒಂದು ಅಂಕ ಕಡಿಮೆಯೂ ಆಯಿತು.

ಹೊಸ ಸಾಲು ಕಟ್ಟಿದಾಗ ಕೆಲವನ್ನು ಮಾಸ್ತರರಿಗೆ ಸುಳಿವಿನ ಹಾಗೆ ಕಳುಹಿಸುತ್ತೇನೆ, ಆ್ಯಪ್, ಹಣ ಯಾವುದನ್ನೂ ಹೇಳದೆ. “ಇದನ್ನು ಓದಿದರೆ ಏನು ಮಾಡುತ್ತೀರಿ?” ಎಂದು ಕೇಳುತ್ತೇನೆ. ‘ನಮೂದಿಸಿ’ಗೆ ಅವರು ಕೊಟ್ಟ ಉತ್ತರ: “ಏನೂ ಮಾಡುವುದಿಲ್ಲ, ಯಾರಾದರೂ ಬರೆಯಿರಿ ಎನ್ನುವವರೆಗೆ ಕಾಯುತ್ತೇನೆ.”

ಮೊನ್ನೆ ಮಂಗಳವಾರ 14 ನನಗೆ ಹೊಳೆದದ್ದು ಹಲಸೂರಿನ ಹತ್ತಿರ. ಆದರೂ ಕಳುಹಿಸಲಿಲ್ಲ, ಆಸ್ಪತ್ರೆಯಲ್ಲಿ ಇರುತ್ತಾರೆ, ಮೊಬೈಲ್ ಸದ್ದು ಮಾಡುವುದು ಬೇಡ ಎಂದುಕೊಂಡೆ. ಸಂಜೆ ಮನೆಗೆ ಮರಳುವಾಗ ಅವರ ಸಂದೇಶವೇ ಬಂತು. “ಆಪರೇಷನ್ ಆಯಿತು, ಮನೆಗೆ ಬಂದೆವು. ನಾಳೆ ಪಟ್ಟಿ ಬಿಚ್ಚಿದ ಕೂಡಲೇ ಎದುರಿನ ಬೋರ್ಡ್ ಪೂರ್ತಿ ಓದಿ ತೋರಿಸುತ್ತೇನೆ ಎನ್ನುತ್ತಿದ್ದಾಳೆ. ಕಣ್ಣು ಮುಟ್ಟಬಾರದು ಎಂದು ವೈದ್ಯರು ಹತ್ತು ಸಲ ಹೇಳಿದ್ದಾರೆ. ಇವಳು ನೋಡಿದರೆ 14ರ ಉತ್ತರವನ್ನು ಕೈಯಲ್ಲಿ ಮುದುಡಿ ಹಿಡಿದುಕೊಂಡೇ ಕುಳಿತಿದ್ದಾಳೆ.”